ಸ್ವದೇಶದಲ್ಲಿಯೇ ನೆಲೆ ತಪ್ಪಿದವರು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತವನು ಅದನ್ನು ಕಟ್ಟಿದವರ ವಿಷಯವಾಗಿ ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಹಿರಿಯರೂ ಬಲ್ಲವರೂ ಬೆಳಗಿನ ಗೋಷ್ಠಿಯಲ್ಲಿ ಮಾಡಿ ಮುಗಿಸಿದ್ದಾರೆ. ನನಗೆ ವಹಿಸಲಾಗಿರುವ ವಿಷಯ ಕಟ್ಟಿದ್ದನ್ನು ಬಿಟ್ಟು ಓಡಬೇಕಾಗಿ ಬಂದವರದು. ಪರದೇಶಕ್ಕೆ ಹೋಗದೆ, ಹಿಂಸೆಯ ಭಯದಿಂದ ತಮ್ಮ ದೇಶದೊಳಗೇ ಒಂದು ಊರಿನಿಂದ ಇನ್ನೊಂದು ಊರಿಗೆ ಅಲೆಯುವವರದು. ಹಬ್ಬದ ದಿನಕ್ಕೆ ಇದು ಒಗ್ಗುವ ವಿಷಯವೇ ಎಂದು ಕೆಲವರಿಗೆ ಅನ್ನಿಸಿರಬಹುದು. ಇದನ್ನು ಆರಿಸಿದ ಸಮಿತಿಯವರ ಧೈರ್ಯವನ್ನು ನಾನಂತೂ ಮೆಚ್ಚಿದ್ದೇನೆ.

ಮೊದಲು ಒಂದು ಶಬ್ದದ ವಿಚಾರ. ಊರು ಬಿಟ್ಟು ಹೋಗುವುದಕ್ಕೆ ನಮ್ಮ ನುಡಿಯಲ್ಲಿ ಎರಡು ಹಳೆಯ ಮಾತುಗಳಿವೆ. ಮಳೆ ಕೈಕೊಟ್ಟು ಹೊಲ ಬಿರಿದಾಗ ರಾಯಚೂರು, ವಿಜಯಪುರ, ಕಲಬುರಗಿಯ ಕಡೆಯ ಬಡವರು ಮಕ್ಕಳು ಮರಿಗಳೊಡನೆ ಪಾತ್ರೆ ಪಡಗಗಳನ್ನು ಕಟ್ಟಿಕೊಂಡು ಹೊರಡುವುದು ಗುಳೆ. ಇನ್ನೊಂದು ವಲಸೆ. ಈ ಎರಡನೆಯ ಮಾತನ್ನು ನಾವು ಈಗ ಎಲ್ಲ ಬಗೆಯ ಸ್ಥಳಾಂತರಕ್ಕೂ, ಕೊಕ್ಕರೆಗಳ ಹಾರಾಟಕ್ಕೂ ಸಹ, ಸಲೀಸಾಗಿ ಬಳಸುತ್ತೇವೆ. ಆದರೆ ಹಳೆಯ ನಿಘಂಟುಗಳನ್ನು ತೆರೆದು ನೋಡಿದರೆ ವಲಸೆ ಎಂಬುದಕ್ಕೆ ಶತ್ರುಸೈನ್ಯದ ಭಯದಿಂದ ಮನೆ ಮಠ ಬಿಟ್ಟು ಓಡುವುದು ಎಂಬ ಅರ್ಥ ದೊರೆಯುತ್ತದೆ. ಹಸಿವಿಗೆ ಸೋತು ಹೊರಟವನು ಬೇರೆ, ಕತ್ತಿಗೆ ಹೆದರಿ ಹೊರಟವನು ಬೇರೆ ಎಂಬ ವಿವೇಕ ನಮ್ಮ ಹಿರಿಯರಿಗಿತ್ತು. ಹಸಿದವನು ಮಳೆ ಬಂದ ಮೇಲೆ ಮರಳಬಲ್ಲ. ಹೆದರಿ ಹೊರಟವನ ಹೊಲದಲ್ಲಿ ಅವನನ್ನು ಹೆದರಿಸಿದವನೇ ಉಳುತ್ತಿರುತ್ತಾನೆ. ನಾವು ಈ ಎರಡನ್ನೂ ಒಂದೇ ಮಾಡಿ, ಬಂದವರೆಲ್ಲರನ್ನೂ ‘ಹೊರಗಿನಿಂದ ದುಡಿಯಲು ಬಂದವರು’ ಎಂದು ಕರೆದು ಸುಮ್ಮನಾಗಿಬಿಟ್ಟಿದ್ದೇವೆ.

ಅಂತಾರಾಷ್ಟ್ರೀಯ ಕಾನೂನಿಗೂ ಇಂಥದೇ ಒಂದು ಕುರುಡು ಇದೆ. ೧೯೫೧ರ ನಿರಾಶ್ರಿತರ ಒಡಂಬಡಿಕೆಯ ಪ್ರಕಾರ ಒಬ್ಬನು ನಿರಾಶ್ರಿತನೆನಿಸಬೇಕಾದರೆ ತನ್ನ ದೇಶದ ಗಡಿಯನ್ನು ದಾಟಿರಬೇಕು. ಗಡಿಯ ಈಚೆಗೆ ಒಂದು ಗಾವುದ ದೂರದಲ್ಲಿ ಬಿದ್ದಿರುವವನು, ಅವನ ಮನೆ ಸುಟ್ಟುಹೋಗಿದ್ದರೂ ಮಗ ಹತನಾಗಿದ್ದರೂ, ಆ ಒಡಂಬಡಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಅವನನ್ನು ಕಾಪಾಡಬೇಕಾದದ್ದು ಅವನ ಸ್ವಂತ ಸರ್ಕಾರ. ಎಷ್ಟೋ ಸಲ ಆ ಸರ್ಕಾರವೇ ಕಾಪಾಡಲಾರದೆಯೋ ಕಾಪಾಡಲೊಲ್ಲದೆಯೋ ಅವನು ಓಡಿಬಂದಿರುತ್ತಾನೆ. ಸೂಡಾನಿನ ಫ್ರಾನ್ಸಿಸ್ ಡೆಂಗ್ ಎಂಬ ವಿದ್ವಾಂಸರ ಪರಿಶ್ರಮದಿಂದ ೧೯೯೮ರಲ್ಲಿ ದೇಶದೊಳಗಿನ ನಿರ್ವಸಿತರ ವಿಷಯವಾಗಿ ಕೆಲವು ಮಾರ್ಗದರ್ಶಕ ಸೂತ್ರಗಳು ವಿಶ್ವಸಂಸ್ಥೆಯ ಮುಂದೆ ಮಂಡಿತವಾದವು. ಅವು ಸೂತ್ರಗಳೇ ಹೊರತು ಯಾವ ರಾಷ್ಟ್ರವನ್ನೂ ಕಟ್ಟಿಹಾಕುವ ಕಾನೂನಲ್ಲ. ೨೦೨೪ರ ಕೊನೆಯಲ್ಲಿ ಜಗತ್ತಿನಾದ್ಯಂತ ಯುದ್ಧ ಮತ್ತು ಹಿಂಸೆಯ ದೆಸೆಯಿಂದ ಸ್ವದೇಶದಲ್ಲಿಯೇ ನೆಲೆ ತಪ್ಪಿದ್ದವರ ಸಂಖ್ಯೆ ೭ ಕೋಟಿಯನ್ನು ಮೀರಿತ್ತು. ನಮ್ಮ ಕರ್ನಾಟಕದ ಒಟ್ಟು ಜನಸಂಖ್ಯೆಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಇಷ್ಟು ದೊಡ್ಡ ಸಂಖ್ಯೆ ಕಿವಿಗೆ ಬೀಳುತ್ತದೆ, ಎದೆಗೆ ಇಳಿಯುವುದಿಲ್ಲ. ಆದುದರಿಂದ ಒಂದೇ ದೇಶವನ್ನು, ಅದರಲ್ಲಿಯೂ ಒಂದೇ ಹಳ್ಳಿಯನ್ನು ಮುಂದಿಟ್ಟುಕೊಂಡು ಮಾತನಾಡಲು ಬಯಸುತ್ತೇನೆ. ದೇಶ ದಕ್ಷಿಣ ಅಮೆರಿಕದ ಕೊಲಂಬಿಯ. ಅಲ್ಲಿನ ಜನ ಬಹುಮಟ್ಟಿಗೆ ನಮ್ಮಂತೆಯೇ ಕಥೋಲಿಕರು. ಕೊಂದವರೂ ಜ್ಞಾನಸ್ನಾನ ಪಡೆದವರು, ಸತ್ತವರೂ ಜ್ಞಾನಸ್ನಾನ ಪಡೆದವರು. ಬೇರೆ ಮತದವರು ನಮ್ಮನ್ನು ಪೀಡಿಸಿದರು ಎಂದು ಹೇಳಿ ನಾವು ಸುಲಭವಾಗಿ ಪಾರಾಗುವ ದಾರಿ ಈ ಕಥೆಯಲ್ಲಿ ಇಲ್ಲ. ಅದಕ್ಕಾಗಿಯೇ ಇದನ್ನು ಆರಿಸಿಕೊಂಡೆ.

೧೯೪೮ರ ಏಪ್ರಿಲ್ ೯ರಂದು ರಾಜಧಾನಿ ಬೊಗೊಟಾದ ಬೀದಿಯಲ್ಲಿ ಲಿಬರಲ್ ಪಕ್ಷದ ನಾಯಕ ಹೋರ್ಹೆ ಗೈತಾನ್ ಅವರ ಕೊಲೆಯಾಯಿತು. ನಗರ ಹೊತ್ತಿ ಉರಿಯಿತು. ಲಿಬರಲ್ ಮತ್ತು ಕನ್ಸರ್ವೇಟಿವ್ ಪಕ್ಷಗಳ ನಡುವೆ ಮೊದಲೇ ಹಳ್ಳಿಗಳಲ್ಲಿ ನಡೆಯುತ್ತಿದ್ದ ಕಾದಾಟ ಇಡೀ ನಾಡಿಗೆ ಹಬ್ಬಿ ಹತ್ತು ವರ್ಷಗಳ ಕಾಲ ನಡೆಯಿತು. ಸುಮಾರು ೨ ಲಕ್ಷ ಜನ ಸತ್ತರೆಂದು ಅಂದಾಜು. ಆ ಕಾಲಕ್ಕೆ ಕೊಲಂಬಿಯನ್ನರು ಇಟ್ಟ ಹೆಸರು ‘ಲಾ ವಿಯೊಲೆನ್ಸಿಯ’, ಎಂದರೆ ಹಿಂಸೆ. ಬೇರಾವ ವಿಶೇಷಣವೂ ಅದಕ್ಕೆ ಬೇಕಾಗಲಿಲ್ಲ. ಆ ವರ್ಷಗಳಲ್ಲಿ ಧರ್ಮಸಭೆಯ ಕೆಲವು ಹಿರಿಯರು ಬಹಿರಂಗವಾಗಿಯೇ ಕನ್ಸರ್ವೇಟಿವ್ ಪಕ್ಷದ ಪರವಹಿಸಿ, ಲಿಬರಲ್ಲರನ್ನು ದೇವದ್ರೋಹಿಗಳೆಂಬಂತೆ ಬೋಧಿಸಿದ್ದುಂಟು. ಅದಕ್ಕೆ ಪ್ರತಿಯಾಗಿ ನಿರಪರಾಧಿಗಳಾದ ಗುರುಗಳು ಬಲಿಯಾದದ್ದೂ ಉಂಟು. ಗೈತಾನ್ ಹತರಾದ ಮರುದಿನವೇ ಅರ್ಮೇರೊ ಎಂಬ ಊರಿನ ಧರ್ಮಕೇಂದ್ರದ ಗುರು ಪೇದ್ರೊ ಮರಿಯ ರಮೀರೆಸ್ ಅವರನ್ನು ಉದ್ರಿಕ್ತ ಗುಂಪು ಕೊಂದುಹಾಕಿತು. ಇವೆರಡನ್ನೂ ಒಟ್ಟಿಗೆ ನೆನೆಯದಿದ್ದರೆ ಚರಿತ್ರೆಗೆ ಅಪಚಾರ ಮಾಡಿದಂತಾಗುತ್ತದೆ.

ಪಕ್ಷಗಳು ರಾಜಿಯಾದವು, ಹಳ್ಳಿಯ ಭೂಮಿಯ ಪ್ರಶ್ನೆ ರಾಜಿಯಾಗಲಿಲ್ಲ. ೧೯೬೪ರಲ್ಲಿ ‘ಫಾರ್ಕ್’ ಮತ್ತು ‘ಇಎಲ್‌ಎನ್’ ಎಂಬ ಎಡಪಂಥೀಯ ಬಂಡಾಯ ಪಡೆಗಳು ಹುಟ್ಟಿದವು. ಅವುಗಳನ್ನು ಎದುರಿಸುತ್ತೇವೆಂದು ಭೂಮಾಲಿಕರೂ ಮಾದಕವಸ್ತುಗಳ ವ್ಯಾಪಾರಿಗಳೂ ಸಾಕಿದ ಖಾಸಗಿ ಪಡೆಗಳು ತಲೆಯೆತ್ತಿ, ೧೯೯೭ರಲ್ಲಿ ಒಂದೇ ಒಕ್ಕೂಟವಾದವು. ಸರ್ಕಾರಿ ಸೈನ್ಯದ ಕೆಲವು ಅಧಿಕಾರಿಗಳು ಅವರೊಡನೆ ಕೈಜೋಡಿಸಿದ್ದು ನ್ಯಾಯಾಲಯಗಳಲ್ಲಿ ಸಿದ್ಧವಾದ ಸಂಗತಿ. ಮೂರು ಕಡೆಯ ಬಂದೂಕುಗಳ ನಡುವೆ ಸಿಕ್ಕಿದವನು ರೈತ. ಹಗಲು ಬಂದವರಿಗೆ ನೀರು ಕೊಟ್ಟರೆ ರಾತ್ರಿ ಬಂದವರು ಅವನನ್ನು ದ್ರೋಹಿ ಎನ್ನುವರು. ಕೊಡದಿದ್ದರೆ ಹಗಲು ಬಂದವರೇ ಎನ್ನುವರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಯುದ್ಧ ನಡೆದಾಗ ಜನ ಚೆದರುವುದು ಸಹಜ, ಅದು ಯುದ್ಧದ ದುರದೃಷ್ಟಕರ ಪರಿಣಾಮ ಎಂದು ನಾವು ತಿಳಿದಿದ್ದೇವೆ. ಕೊಲಂಬಿಯದಲ್ಲಿ ಅನೇಕ ಕಡೆ ಅದು ಪರಿಣಾಮವಾಗಿರಲಿಲ್ಲ, ಉದ್ದೇಶವೇ ಆಗಿತ್ತು. ಭೂಮಿ ಬೇಕಾಗಿತ್ತು, ಭೂಮಿಯ ಮೇಲಿದ್ದ ಜನ ಬೇಕಾಗಿರಲಿಲ್ಲ. ನೀನು ಮಾರದಿದ್ದರೆ ನಿನ್ನ ವಿಧವೆ ಮಾರುತ್ತಾಳೆ ಎಂಬ ಬೆದರಿಕೆ ಆ ನಾಡಿನ ಹಳ್ಳಿಗಳಲ್ಲಿ ಗಾದೆಯಷ್ಟು ಪರಿಚಿತವಾಗಿಬಿಟ್ಟಿತು. ಪಶ್ಚಿಮದ ಚೊಕೊ ಪ್ರಾಂತದಲ್ಲಿ, ಹಿಂದೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಸಂತತಿಯವರು ನದಿಗಳ ದಂಡೆಯಲ್ಲಿ ನೆಲಸಿದ್ದಾರೆ. ೧೯೯೩ರ ೭೦ನೆಯ ಕಾನೂನು ಆ ಜನರಿಗೆ ಅವರ ಕಾಡು ನೆಲಗಳ ಸಾಮೂಹಿಕ ಒಡೆತನವನ್ನು ಕೊಡಲು ಒಪ್ಪಿತು. ಹಕ್ಕುಪತ್ರಗಳು ಕೈಸೇರುವ ಕಾಲಕ್ಕೇ ಬಂದೂಕುಗಳೂ ಬಂದವು. ೧೯೯೭ರ ಫೆಬ್ರವರಿಯಲ್ಲಿ ಸೈನ್ಯದ ಬಾಂಬು ದಾಳಿ ಮತ್ತು ಖಾಸಗಿ ಪಡೆಗಳ ಕ್ರೌರ್ಯದಿಂದ ಕಕರೀಕ ನದಿಯ ಬಯಲಿನ ಸಾವಿರಾರು ಜನ ತುರ್ಬೊ ಎಂಬ ಬಂದರು ಪಟ್ಟಣಕ್ಕೆ ಓಡಿಬಂದು ಅಲ್ಲಿನ ಕ್ರೀಡಾಂಗಣದಲ್ಲಿ ಬೀಡುಬಿಟ್ಟರು. ಆ ಸೈನಿಕ ಕಾರ್ಯಾಚರಣೆಗೆ ಇಟ್ಟಿದ್ದ ಹೆಸರು ‘ಆದಿಕಾಂಡ’, ಪವಿತ್ರ ಬೈಬಲಿನ ಮೊದಲ ಗ್ರಂಥದ ಹೆಸರು! ೨೦೧೩ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ ಈ ಪ್ರಕರಣದಲ್ಲಿ ಕೊಲಂಬಿಯ ಸರ್ಕಾರವನ್ನು ಹೊಣೆಯಾಗಿಸಿತು. ನೆರೆಯ ನದಿಬಯಲುಗಳಲ್ಲಿ ಜನ ಹೋದ ನೆಲದ ಮೇಲೆ ತಾಳೆ ಎಣ್ಣೆಯ ತೋಟಗಳು ಎದ್ದವು.

ಹೀಗೆ ಗುಂಪುಗುಂಪಾಗಿ ಹೊರಟವರು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತಾರೆ. ಆದರೆ ಬಹುಸಂಖ್ಯಾತರು ಹೊರಡುವುದು ಹಾಗಲ್ಲ, ಹನಿಹನಿಯಾಗಿ. ಬಾಗಿಲ ಸಂದಿಯಲ್ಲಿ ಒಂದು ಚೀಟಿ. ಇಂತಿಷ್ಟು ಗಂಟೆಗಳ ಒಳಗೆ ಹೊರಡು ಎಂಬ ಒಂದು ಮಾತು. ಪಕ್ಕದ ಮನೆಯವನ ಹೆಣ ಹೊಳೆಯಲ್ಲಿ. ಅಷ್ಟು ಸಾಕು. ಒಂದು ಸಂಸಾರ ರಾತ್ರಿ ಹೊತ್ತು ಕೋಳಿ, ಹಂದಿ, ಬೆಳೆದ ಬಾಳೆಯ ಗೊನೆಗಳನ್ನು ಇದ್ದಲ್ಲಿಯೇ ಬಿಟ್ಟು ಹೊರಡುತ್ತದೆ. ಮರುವಾರ ಇನ್ನೊಂದು. ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳಿದವನ ಸರದಿ ಮುಂದಿನದು.

ಇನ್ನು ಆ ಒಂದು ಹಳ್ಳಿಗೆ ಬರುತ್ತೇನೆ. ಚೊಕೊ ಪ್ರಾಂತದ ಅತ್ರಾತೊ ನದಿಯ ದಂಡೆಯ ಮೇಲೆ ಬೊಹಾಯಾ ಎಂಬ ತಾಲ್ಲೂಕಿನ ಕೇಂದ್ರವಾಗಿದ್ದ ಊರು ಬೆಲ್ಯವಿಸ್ತ. ಅಲ್ಲಿಗೆ ರಸ್ತೆಯಿಲ್ಲ; ದೋಣಿಯಲ್ಲಿಯೇ ಹೋಗಬೇಕು. ಮರದ ಹಲಗೆಯ ಮನೆಗಳು. ಸಿಮೆಂಟಿನ ಗೋಡೆಗಳಿದ್ದ ಕೆಲವೇ ಕಟ್ಟಡಗಳಲ್ಲಿ ಧರ್ಮಕೇಂದ್ರದ ದೇವಾಲಯ ಒಂದು. ೨೦೦೨ರ ಏಪ್ರಿಲ್ ತಿಂಗಳಲ್ಲಿ ಖಾಸಗಿ ಪಡೆಯವರು ದೋಣಿಗಳಲ್ಲಿ ಬಂದು ಆ ಊರಿನಲ್ಲಿ ತಳವೂರಿದರು. ಫಾರ್ಕ್ ಪಡೆ ಸುತ್ತುವರಿಯತೊಡಗಿತು. ಅನಾಹುತ ಸನ್ನಿಹಿತವಾಗಿದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಆ ದೇಶದ ಜನರಕ್ಷಕ ಅಧಿಕಾರಿಯ ಕಚೇರಿಯೂ ಸರ್ಕಾರಕ್ಕೆ ಮುಂಚಿತವಾಗಿಯೇ ಎಚ್ಚರಿಕೆ ಕೊಟ್ಟಿದ್ದವು. ಯಾರೂ ಬರಲಿಲ್ಲ.

ಮೇ ೧ರಂದು ಗುಂಡಿನ ಕಾಳಗ ಆರಂಭವಾಯಿತು. ನೂರಾರು ಜನ, ತಾಯಂದಿರು ಎಳೆಯ ಮಕ್ಕಳನ್ನು ಎತ್ತಿಕೊಂಡು, ದೇವಾಲಯದೊಳಗೆ ಸೇರಿದರು. ಗೋಡೆ ಗಟ್ಟಿ, ಮೇಲಾಗಿ ದೇವರ ಮನೆ, ಅದಕ್ಕೆ ಯಾರು ಹೊಡೆದಾರು ಎಂಬ ನಂಬಿಕೆ. ಖಾಸಗಿ ಪಡೆಯವರು ಅದೇ ದೇವಾಲಯದ ಮರೆಯಲ್ಲಿ ನಿಂತು ಗುಂಡು ಹಾರಿಸಿದರು. ಮರುದಿನ ಬೆಳಗ್ಗೆ ಫಾರ್ಕಿನವರು ಅಡುಗೆ ಅನಿಲದ ಸಿಲಿಂಡರುಗಳಲ್ಲಿ ಸಿಡಿಮದ್ದು ತುಂಬಿ ತೂರಿದರು. ಅದು ಗುರಿಯಿಟ್ಟು ಹೊಡೆಯಬಲ್ಲ ಆಯುಧವೇ ಅಲ್ಲ. ಎಲ್ಲಿ ಬಿತ್ತೋ ಅಲ್ಲಿ. ಒಂದು ಸಿಲಿಂಡರು ದೇವಾಲಯದ ಛಾವಣಿಯನ್ನು ಒಡೆದುಕೊಂಡು ಬಲಿಪೀಠದ ಬಳಿ ಸಿಡಿಯಿತು. ಆ ದೇಶದ ಚಾರಿತ್ರಿಕ ಸ್ಮೃತಿ ಕೇಂದ್ರದವರು ಅನಂತರ ನಡೆಸಿದ ಅಧ್ಯಯನದ ಪ್ರಕಾರ ಆ ಸ್ಫೋಟದಲ್ಲಿ ಸತ್ತವರು ೭೯ ಮಂದಿ. ಅವರಲ್ಲಿ ೪೮ ಮಂದಿ ಮಕ್ಕಳು. ಗೋಡೆಯ ಮೇಲಿದ್ದ ಕ್ರಿಸ್ತನ ಪ್ರತಿಮೆಯ ಕೈಕಾಲುಗಳು ಹಾರಿಹೋಗಿ ಶಿರಸ್ಸು ಮತ್ತು ಮುಂಡ ಮಾತ್ರ ಉಳಿದವು. ಧರ್ಮಕೇಂದ್ರದ ಗುರು ಫಾದರ್ ಆಂತೂನ್ ರಾಮೋಸ್ ತಾವೂ ಗಾಯಗೊಂಡಿದ್ದರೂ, ಉಳಿದವರನ್ನು ಕೂಡಿಸಿಕೊಂಡು, ಬಿಳಿಯ ಬಟ್ಟೆಯೊಂದನ್ನು ಎತ್ತಿ ಹಿಡಿದು, ಗುಂಡುಗಳ ನಡುವೆಯೇ ನದಿಗೆ ಇಳಿದು, ಎದುರು ದಂಡೆಯ ಊರಿಗೆ ದಾಟಿಸಿದರು.

ಸತ್ತವರನ್ನು ಆತುರಾತುರವಾಗಿ ಒಂದು ಸಾಮೂಹಿಕ ಗುಂಡಿಯಲ್ಲಿ ಹೂಳಬೇಕಾಯಿತು. ಅತ್ರಾತೊ ನದಿಯ ಜನರಲ್ಲಿ ಯಾರಾದರೂ ಸತ್ತರೆ ಒಂಬತ್ತು ರಾತ್ರಿ ಪ್ರಾರ್ಥನೆ ನಡೆಯುತ್ತದೆ. ಹೆಂಗಸರು ‘ಅಲಬಾವೊ’ ಎಂಬ ಶೋಕಗೀತೆಗಳನ್ನು ಹಾಡಿ ಆತ್ಮವನ್ನು ಬೀಳ್ಕೊಡುತ್ತಾರೆ. ಹಾಡದೆ ಕಳುಹಿಸಿದ ಆತ್ಮಕ್ಕೆ ನೆಮ್ಮದಿಯಿಲ್ಲವೆಂದು ಅವರ ನಂಬಿಕೆ. ೨೦೦೨ರಲ್ಲಿ ಹಾಡುವವರೇ ಓಡುತ್ತಿದ್ದರು. ಹಾಡು ಹದಿನೇಳು ವರ್ಷ ಬಾಕಿ ಉಳಿಯಿತು. ಊರು ಬಿಟ್ಟವರು ಕಳೆದುಕೊಳ್ಳುವುದು ಮನೆ ಮತ್ತು ಹೊಲ ಎಂದು ನಾವು ಪಟ್ಟಿ ಮಾಡುತ್ತೇವೆ. ಸರ್ಕಾರದ ಅರ್ಜಿ ನಮೂನೆಯಲ್ಲಿಯೂ ಅವಕ್ಕೇ ಕಲಮುಗಳಿರುತ್ತವೆ. ಸತ್ತವರನ್ನು ಸರಿಯಾಗಿ ಅಳಲಾಗಲಿಲ್ಲ ಎಂಬ ನಷ್ಟಕ್ಕೆ ಯಾವ ಕಲಮು?

ಆ ವಾರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಆ ನದಿಯ ಊರುಗಳನ್ನು ಬಿಟ್ಟು ಪ್ರಾಂತದ ರಾಜಧಾನಿ ಕಿಬ್ದೊಗೆ ಬಂದರು. ಮೀನು ಹಿಡಿಯಲು, ದೋಣಿ ಕೆತ್ತಲು, ಬಾಳೆ ಬೆಳೆಯಲು ಬಲ್ಲವರು. ಆ ಪಟ್ಟಣದಲ್ಲಿ ಈ ವಿದ್ಯೆಗಳಿಗೆ ಬೆಲೆಯಿರಲಿಲ್ಲ. ಕೊಲಂಬಿಯದ ಬೇರೆ ನಗರಗಳ ಅನುಭವವೂ ಇದೇ. ಬೊಗೊಟಾದ ದಕ್ಷಿಣಕ್ಕೆ ಸೋಆಚ ಎಂಬಲ್ಲಿ ಬೋಳು ಗುಡ್ಡಗಳ ಮೇಲೆ ತಗಡು, ಹಲಗೆ, ಪ್ಲಾಸ್ಟಿಕ್ ಹಾಳೆಗಳ ಮನೆಗಳು ಹಬ್ಬಿರುವುದು ಹೀಗೆ ಬಂದವರಿಂದ. ಗಂಡಸು ಹತನಾಗಿಯೋ ಅಡಗಿಯೋ ಇರುವುದರಿಂದ ಹೆಂಗಸೇ ಸಂಸಾರದ ಯಜಮಾನಿ. ಆಕೆ ಬೇರೆಯವರ ಮನೆಯ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಾಳೆ. ನಿರ್ವಸಿತ ಎಂಬ ಅರ್ಥದ ‘ದೆಸ್ಪ್ಲಸಾದೊ’ ಎಂಬ ಮಾತು ನಗರದವರ ಬಾಯಲ್ಲಿ ಬೈಗುಳವಾಯಿತು. ಓಡಿಸಿದ್ದಾರೆ ಎಂದರೆ ಇವರೂ ಏನೋ ಮಾಡಿರಬೇಕು ಎಂಬ ಸಂಶಯ ಬೇರೆ. ಆದ್ದರಿಂದ ಎಷ್ಟೋ ಜನ ತಾವು ಏಕೆ ಬಂದೆವೆಂಬುದನ್ನೇ ಮುಚ್ಚಿಟ್ಟು, ಕೂಲಿಗೆ ಬಂದವರಂತೆ ಬದುಕಿದರು. ನಾನು ಮೊದಲು ಹೇಳಿದ ಆ ಎರಡು ಶಬ್ದಗಳ ಭೇದ ಅಳಿಯುವುದು ನಿಘಂಟಿನಲ್ಲಿ ಮಾತ್ರವಲ್ಲ. ಜೀವಭಯದಿಂದ ಬಂದವನು ತಾನಾಗಿಯೇ ಅದನ್ನು ಅಳಿಸುತ್ತಾನೆ.

ಇಷ್ಟು ಜನರಿದ್ದಾರೆಂದು ಕೊಲಂಬಿಯ ತಿಳಿದದ್ದು ಹೇಗೆ? ಈ ಸಭೆಯಲ್ಲಿ ನಾನು ವಿಶೇಷವಾಗಿ ಹೇಳಬಯಸುವುದು ಇದನ್ನೇ. ಬಹುಕಾಲ ಸರ್ಕಾರದ ಬಳಿ ಲೆಕ್ಕವೇ ಇರಲಿಲ್ಲ. ಲೆಕ್ಕವಿಲ್ಲದವರಿಗೆ ಕಾನೂನೂ ಇರುವುದಿಲ್ಲ. ೧೯೯೫ರಲ್ಲಿ ಕೊಲಂಬಿಯದ ಧರ್ಮಾಧ್ಯಕ್ಷರ ಮಂಡಳಿ ಒಂದು ಅಧ್ಯಯನವನ್ನು ಪ್ರಕಟಿಸಿತು. ೧೯೮೫ರಿಂದ ೧೯೯೪ರವರೆಗೆ ಹಿಂಸೆಯ ದೆಸೆಯಿಂದ ನೆಲೆ ತಪ್ಪಿದವರು ಸುಮಾರು ೫,೮೬,೦೦೦ ಎಂದು ಅದು ತೋರಿಸಿತು. ಹೆದರಿದವನು ಪೋಲೀಸು ಠಾಣೆಗೆ ಹೋಗಲಾರ, ಕಚೇರಿಗೆ ಹೋಗಲಾರ; ಆದರೆ ಮಗುವಿನ ಜ್ಞಾನಸ್ನಾನಕ್ಕೋ ಒಂದು ಹೊತ್ತಿನ ಊಟಕ್ಕೋ ಧರ್ಮಕೇಂದ್ರದ ಬಾಗಿಲಿಗೆ ಬಂದೇ ಬರುತ್ತಾನೆ. ಆ ಬಾಗಿಲಲ್ಲಿ ಕುಳಿತವರು ಅಕ್ಕಿ ಕೊಟ್ಟು ಕಳುಹಿಸಿದ್ದರೆ ಅದೂ ದಾನವೇ ಆಗುತ್ತಿತ್ತು. ಅವರು ಅದರ ಜೊತೆಗೆ ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ, ಯಾರು ಓಡಿಸಿದರು ಎಂದೂ ಕೇಳಿದರು. ಕೇಳಿ, ಹೆಸರು ಹೊರಗೆ ಬೀಳದಂತೆ ಎಚ್ಚರವಹಿಸಿ, ಬರೆದಿಟ್ಟರು. ಎರಡು ವರ್ಷಗಳ ಮೇಲೆ, ೧೯೯೭ರಲ್ಲಿ, ನಿರ್ವಸಿತರಿಗಾಗಿಯೇ ೩೮೭ನೆಯ ಕಾನೂನು ಬಂದಿತು. ಆ ಕಾನೂನು ಹೆಚ್ಚಾಗಿ ಕಾಗದದ ಮೇಲೆಯೇ ಉಳಿದಾಗ, ಸಾವಿರಾರು ನಿರ್ವಸಿತರು ನ್ಯಾಯಾಲಯದ ಮೊರೆಹೊಕ್ಕರು; ೨೦೦೪ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು ಈ ಪರಿಸ್ಥಿತಿಯೇ ಸಂವಿಧಾನಕ್ಕೆ ವಿರುದ್ಧವಾದುದೆಂದು ಘೋಷಿಸಿ, ಸರ್ಕಾರ ಏನೇನು ಮಾಡಬೇಕೆಂದು ವಿಧಿಸಿ, ವರ್ಷಗಟ್ಟಲೆ ಅದರ ಬೆನ್ನುಬಿಡಲಿಲ್ಲ. ೨೦೧೧ರ ಇನ್ನೊಂದು ಕಾನೂನು ಕಿತ್ತುಕೊಂಡ ಭೂಮಿಯನ್ನು ಮರಳಿ ಕೊಡಿಸುವ ದಾರಿ ಮಾಡಿತು. ಭೂಮಿ ಕೇಳಲು ಹೋದವರಲ್ಲಿ ಕೆಲವರು ಕೊಲೆಯಾದದ್ದೂ ನಿಜ. ೧೯೮೫ರಿಂದೀಚೆಗೆ ನಿರ್ವಸಿತರೆಂದು ಹೆಸರು ಬರೆಸಿದವರ ಸಂಖ್ಯೆ ಈಗ ೮೦ ಲಕ್ಷವನ್ನು ದಾಟಿದೆ. ಸುಮಾರು ೫ ಕೋಟಿ ಜನರ ದೇಶದಲ್ಲಿ.

ನಾವು ಕ್ರಿಸ್ತಜಯಂತಿಯ ಕಾಲದಲ್ಲಿ ಈಜಿಪ್ಟಿನ ಪಲಾಯನವನ್ನು ಧ್ಯಾನಿಸುತ್ತೇವೆ. ಸಂತ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯದ ಕೊನೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಹೆರೋದನು ಸತ್ತ ಮೇಲೆ ಜೋಸೆಫನು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಸ್ವದೇಶಕ್ಕೆ ಮರಳಿದನು. ಆದರೆ ಜುದೇಯದಲ್ಲಿ ಹೆರೋದನ ಮಗ ಅರ್ಖೆಲಾಯನು ಆಳುತ್ತಿದ್ದಾನೆಂದು ಕೇಳಿ ಅಲ್ಲಿಗೆ ಹೋಗಲು ಹೆದರಿ, ಗಲಿಲೇಯಕ್ಕೆ ತಿರುಗಿ, ನಜರೇತಿನಲ್ಲಿ ನೆಲಸಿದನು. ಅಂದರೆ ಗಡಿಯೀಚೆಗೆ ಬಂದ ಮೇಲೂ ಆ ಕುಟುಂಬ ತಾನು ಹೋಗಬೇಕೆಂದಿದ್ದ ನಾಡಿಗೆ ಹೋಗಲಾಗಲಿಲ್ಲ. ಮತ್ತಾಯನ ಕಥನದಲ್ಲಿ ಯೇಸುಸ್ವಾಮಿಗೆ ‘ನಜರೇತಿನವನು’ ಎಂಬ ಹೆಸರು ಬಂದದ್ದೇ ಈ ಭಯದ ದೆಸೆಯಿಂದ. ಸಂತ ಲೂಕನ ಕಥನಕ್ರಮ ಬೇರೆ ಎಂಬುದನ್ನು ಇಲ್ಲಿರುವ ಗುರುಗಳು ನನಗೆ ನೆನಪಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು ೨೦೨೦ರ ವಲಸಿಗರ ಹಾಗೂ ನಿರಾಶ್ರಿತರ ವಿಶ್ವದಿನದ ಸಂದೇಶವನ್ನು ಸಂಪೂರ್ಣವಾಗಿ ದೇಶದೊಳಗಿನ ನಿರ್ವಸಿತರಿಗೇ ಮೀಸಲಿಟ್ಟಿದ್ದರು. ಅದಕ್ಕೂ ಮೊದಲು, ೨೦೧೭ರ ಸೆಪ್ಟೆಂಬರ್ ೮ರಂದು, ಕೊಲಂಬಿಯದ ವಿಯ್ಯಾವಿಸೆನ್ಸಿಯೊ ನಗರದಲ್ಲಿ ಬೊಹಾಯಾದ ಆ ಕೈಕಾಲಿಲ್ಲದ ಕ್ರಿಸ್ತನ ಮುಂದೆ ನಿಂತು ಪ್ರಾರ್ಥಿಸಿದ್ದರು. ಅದೇ ದಿನ ಅದೇ ನಗರದಲ್ಲಿ, ೧೯೪೮ರಲ್ಲಿ ಹತರಾದ ಗುರು ರಮೀರೆಸ್ ಅವರನ್ನೂ ೧೯೮೯ರಲ್ಲಿ ಇಎಲ್‌ಎನ್ ಪಡೆ ಕೊಂದ ಧರ್ಮಾಧ್ಯಕ್ಷ ಹರಮಿಯ್ಯೊ ಅವರನ್ನೂ ಪುನೀತರೆಂದು ಘೋಷಿಸಿದರು.

ಇದೆಲ್ಲ ಬಹಳ ದೂರದ ಮಾತು ಎನ್ನಬಹುದೇ? ಕರಾವಳಿಯಿಂದ ಇಲ್ಲಿಗೆ ಬಂದು ನೆಲಸಿದ ಕೊಂಕಣಿ ಕುಟುಂಬಗಳು ಈ ಸಭೆಯಲ್ಲಿವೆ. ಅವರ ಪೂರ್ವಜರು ಗೋವೆಯಿಂದ ಕೆನರಾಕ್ಕೆ ಬಂದದ್ದರಲ್ಲಿ ತೆರಿಗೆಯೂ ಬರಗಾಲವೂ ಕಾರಣವಾಗಿದ್ದಂತೆ, ಧರ್ಮವಿಚಾರಣೆಯ ಭಯವೂ ಯುದ್ಧಗಳೂ ಕಾರಣವಾಗಿದ್ದವು. ೧೭೮೪ರಲ್ಲಿ ಅವರಲ್ಲಿ ಸಹಸ್ರಾರು ಮಂದಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಉಳಿದವರು ೧೭೯೯ರ ಅನಂತರ ಮರಳಿದರು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ೧೯೯೦ರಲ್ಲಿ ಕಾಶ್ಮೀರದ ಪಂಡಿತರು ಕಣಿವೆಯನ್ನು ಬಿಟ್ಟು ಜಮ್ಮುವಿಗೂ ದೆಹಲಿಗೂ ಓಡಿಬಂದರು. ೨೦೦೮ರಲ್ಲಿ ಒಡಿಶಾದ ಕಂಧಮಾಲಿನಲ್ಲಿ ಕ್ರೈಸ್ತರ ಹಳ್ಳಿಗಳು ಸುಟ್ಟು ಸಾವಿರಾರು ಜನ ಕಾಡು ಸೇರಿದರು. ೨೦೨೩ರ ಮೇ ೩ರಂದು ಮಣಿಪುರದಲ್ಲಿ ಎದ್ದ ಹಿಂಸೆಯಿಂದ ಕುಕಿಗಳೂ ಮೈತೇಯಿಗಳೂ ಸೇರಿ ಸುಮಾರು ೬೦ ಸಾವಿರ ಜನ ನೆಲೆ ಕಳೆದುಕೊಂಡರು. ಅವರಲ್ಲಿ ಕೆಲವರು ನಮ್ಮ ಬೆಂಗಳೂರಿನವರೆಗೂ ಬಂದರು. ಭಾರತದಲ್ಲಿ ಇವರಿಗೆಂದು ಪ್ರತ್ಯೇಕವಾದ ರಾಷ್ಟ್ರೀಯ ಕಾನೂನು ಇಲ್ಲ.

ಬೆಂಗಳೂರು ಎಂದೆ. ಅಲ್ಲಿ ೨೦೧೨ರ ಆಗಸ್ಟಿನಲ್ಲಿ ನಡೆದದ್ದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಆ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಭಾಗದಲ್ಲಿ ಗಲಭೆಗಳಾಗಿ ಲಕ್ಷಾಂತರ ಜನ ಶಿಬಿರಗಳ ಪಾಲಾಗಿದ್ದರು. ಅದಕ್ಕೆ ಪ್ರತೀಕಾರವಾಗಿ ಇಲ್ಲಿರುವ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಮೊಬೈಲ್ ಫೋನುಗಳ ಮೂಲಕ ಹಬ್ಬಿತು. ಮೂರು ನಾಲ್ಕು ದಿನಗಳಲ್ಲಿ ಸಾವಿರಾರು ಯುವಕ ಯುವತಿಯರು, ಭದ್ರತೆಯ ಕಾವಲುಗಾರರು, ಹೋಟೆಲಿನ ಕೆಲಸಗಾರರು, ವಿದ್ಯಾರ್ಥಿಗಳು, ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಸರ್ಕಾರದವರು ಹೋಗಬೇಡಿ ಎಂದು ಬೇಡಿಕೊಂಡರು. ಧೈರ್ಯ ಹೇಳಲು ನಿಲ್ದಾಣಕ್ಕೆ ಹೋದ ನಾಗರಿಕರೂ ಇದ್ದರು. ಆದರೂ ಅವರು ಹೊರಟರು. ನಮ್ಮ ನಡುವೆ ವರ್ಷಗಟ್ಟಲೆ ಬಾಳಿದ್ದರೂ ಕಷ್ಟ ಬಂದಾಗ ಬಾಗಿಲು ತಟ್ಟಬಹುದಾದ ಒಂದು ಮನೆ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ ಎಂದೇ ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಅವರನ್ನು ನಾವು ಅದುವರೆಗೆ ಎಲ್ಲಿಯವರೆಂದು ಕೇಳಿರಲೇ ಇಲ್ಲ. ಕೇಳಿದ್ದರೂ ಮುಖ ನೋಡಿ ಬೇರೆ ದೇಶದ ಹೆಸರು ಹೇಳಿದ್ದೆವು.

ಶತಮಾನೋತ್ಸವದ ನೆನಪಿಗಾಗಿ ಒಂದು ಸಭಾಭವನ ಕಟ್ಟಬೇಕೆಂಬ ಆಲೋಚನೆ ಸಮಿತಿಯ ಮುಂದಿದೆಯೆಂದು ಕೇಳಿದ್ದೇನೆ. ಕಟ್ಟಲಿ. ಅದರ ಜೊತೆಗೆ, ಖರ್ಚಿಲ್ಲದ ಒಂದು ಸೂಚನೆ ನನ್ನದು. ಭಾನುವಾರದ ಬಲಿಪೂಜೆಗೆ ಹಿಂದಿನ ಬೆಂಚುಗಳಲ್ಲಿ ಬಂದು ಕುಳಿತು, ಕನ್ನಡ ತಿಳಿಯದೆ, ಪೂಜೆ ಮುಗಿದೊಡನೆ ಹೊರಟುಹೋಗುವ ಕಟ್ಟಡ ಕೆಲಸದ ಒರಿಯಾ ಹುಡುಗರನ್ನೂ ಸೌಂದರ್ಯವರ್ಧಕ ಅಂಗಡಿಗಳಲ್ಲಿ ದುಡಿಯುವ ಈಶಾನ್ಯದ ಹುಡುಗಿಯರನ್ನೂ ನೀವು ಕಂಡಿದ್ದೀರಿ. ಹಿಂದಿ ಬಲ್ಲ ಇಬ್ಬರು ಹಿರಿಯರು ಬಾಗಿಲ ಬಳಿ ನಿಂತು ಅವರನ್ನು ಮಾತನಾಡಿಸುವ ವ್ಯವಸ್ಥೆಯಾಗಲಿ. ಸಂಬಳ ಎಷ್ಟೆಂದು ಕೇಳುವುದು ಬೇಡ. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಮರಳಿ ಹೋಗಲ್ಲಿರಾ ಎಂದು ಕೇಳಲಿ. ಹೇಳದಿದ್ದರೆ ಒತ್ತಾಯಿಸುವುದು ಬೇಡ; ಮುಂದಿನ ಭಾನುವಾರ ಮತ್ತೆ ಅಲ್ಲಿಯೇ ನಿಂತಿರಲಿ.

ಬೆಲ್ಯವಿಸ್ತದ ಮುಂದಿನ ಸಂಗತಿಯನ್ನು ಹೇಳಿ ಕುಳಿತುಕೊಳ್ಳುತ್ತೇನೆ. ಸರ್ಕಾರ ಹಳೆಯ ಊರಿನ ಸಮೀಪದಲ್ಲಿಯೇ ಹೊಸ ಊರನ್ನು ಕಟ್ಟಿಸಿ ೨೦೦೭ರಲ್ಲಿ ಜನರಿಗೆ ಒಪ್ಪಿಸಿತು. ೨೦೧೫ರ ಡಿಸೆಂಬರಿನಲ್ಲಿ ಫಾರ್ಕಿನ ನಾಯಕರು ಅಲ್ಲಿಗೆ ಬಂದು ತಪ್ಪೊಪ್ಪಿಕೊಂಡು ಕ್ಷಮೆ ಬೇಡಿದರು. ೨೦೧೬ರ ಅಕ್ಟೋಬರಿನಲ್ಲಿ ಶಾಂತಿ ಒಪ್ಪಂದದ ಮೇಲೆ ಜನಮತ ಕೇಳಿದಾಗ ದೇಶ ಕೂದಲೆಳೆಯ ಅಂತರದಲ್ಲಿ ಅದನ್ನು ನಿರಾಕರಿಸಿತು. ಬೊಹಾಯಾದಲ್ಲಿ ನೂರಕ್ಕೆ ೯೬ ಮಂದಿ ಒಪ್ಪಿದರು. ತಿದ್ದಿದ ಒಪ್ಪಂದ ಅದೇ ವರ್ಷ ಜಾರಿಗೆ ಬಂದಿತಾದರೂ, ಬೇರೆ ಪಡೆಗಳು ಆ ನದಿಯನ್ನು ಬಿಟ್ಟಿಲ್ಲ. ೨೦೨೫ರ ಜನವರಿಯಲ್ಲಿ ಅದೇ ದೇಶದ ಈಶಾನ್ಯದ ಕತತುಂಬೊ ಪ್ರದೇಶದಲ್ಲಿ ಎರಡು ಪಡೆಗಳ ಕಾದಾಟಕ್ಕೆ ಸಿಕ್ಕಿ ಕೆಲವೇ ದಿನಗಳಲ್ಲಿ ೫೦ ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ಕುಕುತಾ ನಗರದ ಕ್ರೀಡಾಂಗಣದಲ್ಲಿ ಮತ್ತೆ ಸಾಲುಗಳು ನಿಂತವು. ಬೆಲ್ಯವಿಸ್ತದ ಸಾಮೂಹಿಕ ಗುಂಡಿಯನ್ನು ೨೦೧೭ರಲ್ಲಿ ತೆರೆದು, ಅಸ್ಥಿಗಳನ್ನು ವೈಜ್ಞಾನಿಕವಾಗಿ ಗುರುತಿಸಿ, ೨೦೧೯ರ ನವೆಂಬರಿನಲ್ಲಿ ಒಬ್ಬೊಬ್ಬರನ್ನೂ ಅವರವರ ಹೆಸರಿನ ಪೆಟ್ಟಿಗೆಯಲ್ಲಿ ಊರಿಗೆ ತರಲಾಯಿತು. ಮಕ್ಕಳ ಪೆಟ್ಟಿಗೆಗಳು ಬಿಳಿಯವು. ಅಂದು ಹೆಂಗಸರು ಕುಳಿತು, ೨೦೦೨ರಿಂದ ಬಾಕಿಯಿದ್ದ ಹಾಡುಗಳನ್ನು ಹಾಡಿದರು. ಹಳೆಯ ದೇವಾಲಯ ಈಗಲೂ ನದಿಯ ದಂಡೆಯ ಮೇಲಿದೆ. ಸುತ್ತ ಕಾಡು ಬೆಳೆದಿದೆ. ಪ್ರತಿ ವರ್ಷ ಮೇ ೨ರಂದು ಜನ ಅಲ್ಲಿಗೆ ಹೋಗಿ ಬಲಿಪೂಜೆ ಅರ್ಪಿಸಿ, ಹೊಸ ಊರಿಗೆ ಹಿಂತಿರುಗುತ್ತಾರೆ.